ಎಸ್‌ಎಂ58 ಮೈಕು, ಹಂಚಿನ ಮನೆ, 15 ಸಾವಿರ ಬಜೆಟ್ಟು: ಹಾಡು ರೆಕಾರ್ಡ್ ಮಾಡಲು ಯಾವ ಇಂಟರ್‌ಫೇಸ್ ತಗೊಳ್ಳಲಿ?

ಮೆತ್ತಿನ_ಮೇಲಿನ_ಹಾಡು (ಸಿರ್ಸಿ ಕಡೆ)

ಎಲ್ಲರಿಗೂ ನಮಸ್ಕಾರ. ನಾನು ಭಾವಗೀತೆ, ದಾಸರ ಪದ ಹಾಡುವವಳು. ಊರಿನ ಮಕ್ಕಳಿಗೆ ಮನೆಯಲ್ಲಿ, ಹೊರಗಿನ ಕೆಲವರಿಗೆ ಝೂಮ್‌ನಲ್ಲಿ ಪಾಠ ಮಾಡುತ್ತೇನೆ. ಇಲ್ಲಿಯವರೆಗೆ ಮೊಬೈಲಿನಲ್ಲೇ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುತ್ತಿದ್ದೆ. ಈಗ ಸ್ವಲ್ಪ ನೀಟಾಗಿ ಮಾಡೋಣ ಅಂತ. ಅದಕ್ಕೆ ಮೈಕನ್ನು ಲ್ಯಾಪ್‌ಟಾಪಿಗೆ ಸೇರಿಸುವ ಪೆಟ್ಟಿಗೆ, ಅದೇ ಆಡಿಯೋ ಇಂಟರ್‌ಫೇಸ್, ಬೇಕು.

ಕೈಯಲ್ಲಿರುವುದು ಇಷ್ಟು. ಅಣ್ಣ ಆರ್ಕೆಸ್ಟ್ರಾ ಬಿಟ್ಟಾಗ ಕೊಟ್ಟ ಶೂರ್ ಎಸ್‌ಎಂ58 ಮೈಕು, ಅದರ ಉದ್ದನೆಯ ಕೇಬಲ್ಲು, 8 ಜಿಬಿ ರ್‍ಯಾಮ್ ಇರುವ ವಿಂಡೋಸ್ ಲ್ಯಾಪ್‌ಟಾಪು, ಕಿವಿ ಪೂರ್ತಿ ಮುಚ್ಚುವ ಒಂದು ಹೆಡ್‌ಫೋನು. ಮೆತ್ತಿನ ಮೇಲಿನ ಕೋಣೆಯಲ್ಲಿ ಹಾಡುವುದು. ಮೇಲೆ ಹಂಚು. ಮಳೆಗಾಲದ ಕತೆ ನಿಮಗೆ ಗೊತ್ತೇ ಇದೆ.

ಹೋದ ವರ್ಷ ಆನ್‌ಲೈನಿನಲ್ಲಿ ಒಂದು ಕಡೆ, ಕಂಡೆನ್ಸರ್ ಮೈಕಿನ ಜೊತೆ ಬರುವ ಸೌಂಡ್ ಕಾರ್ಡ್ ತರಿಸಿದ್ದೆ. ಚಪ್ಪಾಳೆ, ನಗು, ಶಿಳ್ಳೆ ಎಲ್ಲಕ್ಕೂ ಒಂದೊಂದು ಬಟನ್ನು. ಹಾಡಿಗಿಂತ ಬುಸ್ ಅನ್ನುವ ಸದ್ದೇ ಜಾಸ್ತಿ. ವಾಪಸ್ ತಗೊಳ್ಳಲಿಲ್ಲ. ಈಗ ಮಗನ ಆಟದ ಸಾಮಾನಾಗಿದೆ.

ಬಜೆಟ್ಟು 15 ಸಾವಿರ, ಸ್ವಲ್ಪ ಹೆಚ್ಚುಕಡಿಮೆ ಆದರೂ ಪರವಾಗಿಲ್ಲ. ಫೋಕಸ್‌ರೈಟ್ ಸೋಲೋ ತಗೊಳ್ಳಿ ಅಂತ ಒಬ್ಬರು, ಅದಕ್ಕೆ ಗೇನ್ (ಮೈಕಿನ ಸಿಗ್ನಲ್ ಏರಿಸುವ ಶಕ್ತಿ) ಸಾಲುವುದಿಲ್ಲ, ಅದೇ ಕಂಪನಿಯ 2ಐ2ನೇ ಬೇಕು ಅಂತ ಇನ್ನೊಬ್ಬರು. ಎಸ್‌ಎಂ58 ಸ್ಟೇಜಿಗೆ ಮಾತ್ರ, ಮೊದಲು ಮೈಕ್ ಬದಲಿಸಿ ಅಂತ ಮತ್ತೊಬ್ಬರು. 192 ಕಿಲೋಹರ್ಟ್ಸ್ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆಯುತ್ತದೆ ಅನ್ನುವುದು) ಇರಲೇಬೇಕು ಅಂತಲೂ ಓದಿದೆ. ತಲೆ ಕೆಟ್ಟುಹೋಗಿದೆ. ಹಾಡುವವರು, ರೆಕಾರ್ಡ್ ಮಾಡುವವರು ಯಾರಾದರೂ ಬಿಡಿಸಿ ಹೇಳಿ.

---

ಮಾತಿನಮನೆ (ಬೆಂಗಳೂರು)

ಮೇಡಂ, ಒಬ್ಬರೇ ಹಾಡುವುದಾದರೆ ಇಂಟರ್‌ಫೇಸ್ ಯಾಕೆ? ಒಳ್ಳೆಯ ಯುಎಸ್‌ಬಿ ಮೈಕ್ ತಗೊಂಡು ಲ್ಯಾಪ್‌ಟಾಪಿಗೆ ಚುಚ್ಚಿದರೆ ಆಯಿತು. ನಾನು ಪಾಡ್‌ಕಾಸ್ಟ್ ಮಾಡುವುದು ಅದರಲ್ಲೇ. ತಂತಿ ಒಂದೇ, ತಲೆನೋವು ಕಡಿಮೆ.

---

ಸ್ಟೋರ್‌ರೂಮ್_ಸೌಂಡ್ (ಮೈಸೂರು)

ಮಾತಿನಮನೆ ಅವರೇ, ಮಾತಿಗಾದರೆ ನಿಮ್ಮ ಮಾತು ಸರಿ. ಇವರ ಹತ್ತಿರ ಆಗಲೇ ಒಂದು ಒಳ್ಳೆಯ ಮೈಕ್ ಇದೆ. ಅದನ್ನು ಮೂಲೆಗಿಟ್ಟು ಇನ್ನೊಂದಕ್ಕೆ ದುಡ್ಡು ಹಾಕುವುದು ಯಾಕೆ? ನಾಳೆ ಮೈಕ್ ಬದಲಿಸಬೇಕು ಅನ್ನಿಸಿದರೆ ಯುಎಸ್‌ಬಿ ಮೈಕಿನಲ್ಲಿ ಎಲ್ಲವನ್ನೂ ಬದಲಿಸಬೇಕಾಗುತ್ತದೆ.

ಅಕ್ಕಾ, ಈಗ ನಿಮ್ಮ ವಿಷಯ. ಮನೆಯ ಸ್ಟೋರ್ ರೂಮನ್ನೇ ಸ್ಟುಡಿಯೋ ಮಾಡಿಕೊಂಡವನು ನಾನು. ಶಾಲೆ ವಾರ್ಷಿಕೋತ್ಸವದ ಟ್ರ್ಯಾಕು, ದೇವರನಾಮ, ಚುನಾವಣೆ ಬಂತು ಅಂದರೆ ಆಟೋದಲ್ಲಿ ಕೂಗುವ ಪ್ರಚಾರ, ಎಲ್ಲವೂ ಅಲ್ಲೇ. ಹಾಡುವವರು ಬಂದ ಕೂಡಲೇ ಕೇಳುವುದು "ಯಾವ ಕಾರ್ಡ್ ಸರ್?" ಅಂತ. ಈಗ ಬರುವ ಹೆಸರಿರುವ ಕಂಪನಿಗಳ ಇಂಟರ್‌ಫೇಸುಗಳಲ್ಲಿ ಒಂದರಲ್ಲಿ ಹಾಡಿಸಿ, ಇನ್ನೊಂದರಲ್ಲೂ ಹಾಡಿಸಿ, ಕಣ್ಣು ಮುಚ್ಚಿ ಕೇಳಿದರೆ ವ್ಯತ್ಯಾಸ ಹೇಳುವುದು ಕಷ್ಟ. ಆದ್ದರಿಂದ "ಯಾವುದರ ಸೌಂಡ್ ಚೆನ್ನಾಗಿದೆ" ಅಂತ ಹುಡುಕಬೇಡಿ. ನಿಮ್ಮ ಮೈಕಿಗೆ ಗೇನ್ ಸಾಲುತ್ತದಾ, ಹಾಡುವಾಗ ನಿಮ್ಮ ದನಿ ನಿಮಗೆ ಹೇಗೆ ಕೇಳಿಸುತ್ತದೆ, ಡ್ರೈವರ್ ಕೈಕೊಡುವುದಿಲ್ಲವಾ, ಇಷ್ಟು ನೋಡಿದರೆ ಸಾಕು.

ಗೇನ್ ವಿಷಯಕ್ಕೆ ಬರುತ್ತೇನೆ, ಎಲ್ಲರೂ ಹೆದರಿಸುವುದು ಅದರಲ್ಲೇ. ನಿಮ್ಮ 58 ಥರದ ಡೈನಾಮಿಕ್ ಮೈಕ್ ಕೊಡುವ ಸಿಗ್ನಲ್ ತುಂಬಾ ಸಣ್ಣದು. ಒಂದೇ ಮಟ್ಟದ ಸದ್ದಿಗೆ ಎಸ್‌ಎಂ58 ಕೊಡುವುದು 1.85 ಮಿಲಿವೋಲ್ಟ್. ಆಡಿಯೋ ಟೆಕ್ನಿಕಾದ ಎಟಿ2020 ಥರದ ಕಂಡೆನ್ಸರ್ ಮೈಕು 14 ಮಿಲಿವೋಲ್ಟಿನಷ್ಟು ಕೊಡುತ್ತದೆ. ಅಂದರೆ ನಿಮ್ಮ ಮೈಕಿಗೆ 17–18 ಡಿಬಿ (ಡೆಸಿಬೆಲ್) ಗೇನ್ ಜಾಸ್ತಿ ಬೇಕು. ಗೇನ್ ಸಾಲುವುದಿಲ್ಲ ಅನ್ನುವ ಗಲಾಟೆಯೆಲ್ಲ ಹೆಚ್ಚಾಗಿ ಶುರುವಾಗಿದ್ದು ಎಸ್‌ಎಂ7ಬಿ ಮೈಕಿನಿಂದ. ಅದು ನಿಮ್ಮ 58ಕ್ಕಿಂತಲೂ 4 ಡಿಬಿ ಸಣ್ಣ ದನಿಯದು. ಕನಿಷ್ಠ 60 ಡಿಬಿ ಗೇನ್ ಇರಲಿ ಅಂತ ಅದನ್ನು ಮಾಡಿದವರೇ ಹೇಳುತ್ತಾರೆ. ಆ ಮಾತನ್ನು ಜನ ಎಲ್ಲ ಡೈನಾಮಿಕ್ ಮೈಕುಗಳಿಗೂ ಅಂಟಿಸಿಬಿಟ್ಟಿದ್ದಾರೆ.

ನಿಮಗೆ ಹೇಳಿದ ಫೋಕಸ್‌ರೈಟ್‌ನ ಸ್ಕಾರ್ಲೆಟ್ ಸೋಲೋ ನಾಲ್ಕನೇ ಜನರೇಶನ್ನಿನಲ್ಲಿ 57 ಡಿಬಿ ಇದೆ. ಆಡಿಯೆಂಟ್ ಈವೋ 4ರಲ್ಲಿ 58. ಸ್ಕಾರ್ಲೆಟ್ 2ಐ2 ನಾಲ್ಕನೇ ಜನರೇಶನ್ನಿನಲ್ಲಿ 69. ನೀವು ಮೈಕಿನ ಜಾಲರಿಗೆ ನಾಲ್ಕು ಬೆರಳು ದೂರದಲ್ಲಿ ಹಾಡುವುದಾದರೆ 57–58 ಧಾರಾಳ. ಅದೇ ಒಂದೂವರೆ ಗೇಣು ದೂರ ಕೂತು ಜೋಗುಳದ ಥರ ಮೆಲ್ಲಗೆ ಹಾಡುತ್ತೀರಾ, ಆಗ ಗೇನನ್ನು ಪೂರ್ತಿ ತಿರುಗಿಸಬೇಕಾಗುತ್ತದೆ, ಬುಸ್ ಸದ್ದೂ ಏಳುತ್ತದೆ. ದೂರ ಅರ್ಧಕ್ಕಿಳಿದರೆ ಸುಮಾರು 6 ಡಿಬಿ ಪುಕ್ಕಟೆ ಸಿಗುತ್ತದೆ. ಅದಕ್ಕೆ ಕಾಸು ಕೊಡಬೇಕಾಗಿಲ್ಲ, ಅಲ್ವಾ? ಆದರೆ ತೀರಾ ತುಟಿ ತಾಗಿಸಬೇಡಿ. ಈ ಮೈಕಿಗೆ ಹತ್ತಿರ ಹೋದಷ್ಟೂ ದನಿಯ ಬೇಸ್ ಊದಿಕೊಳ್ಳುತ್ತದೆ.

ಈಗ ಹೆಡ್‌ಫೋನ್ ವಿಷಯ. ಹಾಡುವವರಿಗೆ ನನ್ನ ಪ್ರಕಾರ ಇದೇ ಮುಖ್ಯ, ಇದನ್ನೇ ಯಾರೂ ಕೇಳುವುದಿಲ್ಲ. ನಿಮ್ಮ ದನಿ ಮೈಕಿನಿಂದ ಲ್ಯಾಪ್‌ಟಾಪಿಗೆ ಹೋಗಿ, ಅಲ್ಲಿಂದ ತಿರುಗಿ ಕಿವಿಗೆ ಬರಲು ಸಮಯ ಹಿಡಿಯುತ್ತದೆ. ಬಫರ್ (ಲ್ಯಾಪ್‌ಟಾಪ್ ಒಂದು ಸಲಕ್ಕೆ ಕೂಡಿಹಾಕಿಕೊಳ್ಳುವ ಸದ್ದಿನ ತುಣುಕು) 128 ಇಟ್ಟರೆ 48 ಕಿಲೋಹರ್ಟ್ಸ್‌ನಲ್ಲಿ ಅದೊಂದಕ್ಕೇ 2.7 ಮಿಲಿಸೆಕೆಂಡು. ಹೋಗುವುದು, ಬರುವುದು, ಡ್ರೈವರಿನ ಪಾಲು ಎಲ್ಲ ಸೇರಿ 10ರ ಹತ್ತಿರ ಹೋಗುತ್ತದೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಬಫರ್ 512ಕ್ಕೆ ಏರಿಸಬೇಕಾದರೆ ಕೇಳುವುದೇ ಬೇಡ. ಗಮಕ, ಬಿರ್ಕಾ ಹಾಕುವಾಗ ನಿಮ್ಮ ದನಿಯೇ ನಿಮ್ಮ ಹಿಂದೆ ಓಡಿ ಬಂದ ಹಾಗೆ ಕೇಳಿಸಿದರೆ ಶ್ರುತಿ ಹಿಡಿಯುವುದು ಹೇಗೆ? ಇದಕ್ಕೆ ಇಂಟರ್‌ಫೇಸಿನಲ್ಲಿ ಡೈರೆಕ್ಟ್ ಮಾನಿಟರಿಂಗ್ ಅಂತ ಇರುತ್ತದೆ. ದನಿ ಲ್ಯಾಪ್‌ಟಾಪಿಗೆ ಹೋಗಿ ಬರುವ ಮೊದಲೇ ಕಿವಿಗೆ ಸಿಗುತ್ತದೆ.

ಸೋಲೋದಲ್ಲೂ 2ಐ2ನಲ್ಲೂ ಅದು ಇದೆ, ಬಟನ್ ಒತ್ತಿದರೆ ಆನ್. ಈವೋ 4ರಲ್ಲಿ ಇನ್ನೊಂದು ಅನುಕೂಲ: ನಿಮ್ಮ ದನಿ ಎಷ್ಟು, ಟ್ರ್ಯಾಕ್ ಅಥವಾ ತಂಬೂರಿ ಎಷ್ಟು ಅಂತ ಪೆಟ್ಟಿಗೆಯ ಮೇಲಿನ ಗುಂಡಿಯಲ್ಲೇ ಹೆಚ್ಚುಕಡಿಮೆ ಮಾಡಬಹುದು. ಕೇಳಲು ಸಣ್ಣ ವಿಷಯ. ಆದರೆ ದಾಸರ ಪದ ಹಾಡುವವರು ಒಂದು ಸಾಲು ಹಾಡಿ, "ತಂಬೂರಿ ಸ್ವಲ್ಪ ಜಾಸ್ತಿ ಮಾಡಿ", ಇನ್ನೊಂದು ಸಾಲಿಗೆ "ನನ್ನ ದನಿ ಕೇಳ್ತಿಲ್ಲ" ಅನ್ನುತ್ತಾರೆ. ಒಬ್ಬರೇ ಕೂತು ಮಾಡುವಾಗ ಮೌಸ್ ಹುಡುಕುತ್ತಾ ಕೂರುವುದಕ್ಕಿಂತ ಕೈಗೆ ಸಿಗುವ ಗುಂಡಿ ಮೇಲು.

ನಿಮಗೆ ನನ್ನ ಓಟು ಈವೋ 4ಕ್ಕೆ. ಎರಡು ಮೈಕ್ ಹಾಕಬಹುದು, ಹಾರ್ಮೋನಿಯಂ ಜೊತೆ ಹಾಡುವ ದಿನ ಉಪಯೋಗಕ್ಕೆ ಬರುತ್ತದೆ. ಗೇನನ್ನು ತಾನೇ ಹೊಂದಿಸಿಕೊಳ್ಳುವ ಸ್ಮಾರ್ಟ್‌ಗೇನ್ ಇದೆ. ಲೂಪ್‌ಬ್ಯಾಕ್ ಇದೆ, ಝೂಮ್ ಪಾಠದಲ್ಲಿ ಟ್ರ್ಯಾಕನ್ನೂ ಮಕ್ಕಳಿಗೆ ಕೇಳಿಸಬಹುದು. ಅಂಗಡಿಯಲ್ಲಿ ಸೋಲೋ ತುಂಬಾ ಕಡಿಮೆಗೆ ಸಿಕ್ಕರೆ ಅದೂ ಒಳ್ಳೆಯದೇ, ಆದರೆ ಅದರಲ್ಲಿ ಮೈಕಿಗೆ ಜಾಗ ಒಂದೇ. 2ಐ2 ನಿಮ್ಮ ಬಜೆಟ್ಟು ಮೀರುತ್ತದೆ. ಆ 69 ಡಿಬಿಗಾಗಿ ಸಾಲ ಮಾಡಬೇಡಿ. ಬೆರಿಂಜರ್ ಯುಎಂಸಿ22 ಎಲ್ಲಕ್ಕಿಂತ ಅಗ್ಗ, ಆದರೆ ಅದು 16 ಬಿಟ್. ಆ ಕಂಪನಿಯದೇ ಬೇಕು ಅಂದರೆ 24 ಬಿಟ್ ಇರುವ ಯುಎಂಸಿ202ಎಚ್‌ಡಿ ನೋಡಿ, ವಿಂಡೋಸ್‌ನಲ್ಲಿ ಸದ್ದು ತಡವಾಗುವುದನ್ನು ಕಡಿಮೆ ಮಾಡುವ ಆಸಿಯೋ ಡ್ರೈವರೂ ಅದರದೇ ಇದೆ.

24 ಬಿಟ್ ಯಾಕೆ ಅಂದರೆ, ಗೇನ್ ಕಡಿಮೆ ಇಟ್ಟು ನಿರಾಳವಾಗಿ ಹಾಡಬಹುದು, ಆಮೇಲೆ ಏರಿಸಿದರೂ ಕೆಡುವುದಿಲ್ಲ. 192 ಕಿಲೋಹರ್ಟ್ಸ್ ಮರೆತುಬಿಡಿ. ಯೂಟ್ಯೂಬ್ ವಿಡಿಯೋಗೆ 48 ಸಾಕು. 192ರಲ್ಲಿ ಫೈಲು ನಾಲ್ಕು ಪಟ್ಟು ದಪ್ಪ ಆಗುತ್ತದೆ, ಕಿವಿಗೆ ಏನೂ ಹೊಸದು ಸಿಗುವುದಿಲ್ಲ.

ಮೈಕ್ ಬದಲಿಸುವ ಮಾತು ಈಗ ಬೇಡವೇ ಬೇಡ. ನಿಮ್ಮ ಹಂಚಿನ ಕೋಣೆಗೆ 58 ಒಳ್ಳೆಯದು. ಡೈನಾಮಿಕ್ ಮೈಕು ದೂರದ ಸದ್ದನ್ನು ಹಿಡಿಯುವುದೇ ಇಲ್ಲ ಅನ್ನುತ್ತಾರಲ್ಲ, ಅದು ಪೂರ್ತಿ ನಿಜ ಅಲ್ಲ. ಅದನ್ನು ಬಾಯಿಗೆ ಹತ್ತಿರ ಹಿಡಿಯುತ್ತೇವೆ, ಗೇನ್ ಅಷ್ಟಕ್ಕೆ ನಿಲ್ಲುತ್ತದೆ, ಉಳಿದ ಸದ್ದು ಹಿಂದೆ ಬೀಳುತ್ತದೆ, ಅಷ್ಟೇ. ಇನ್ನೊಂದು, 58ರ ಬೆನ್ನಿನ ಕಡೆಗೆ ಕಿವಿ ಮಂದ. ಕಿಟಕಿಯನ್ನೋ ಅಡುಗೆ ಮನೆಯ ಬಾಗಿಲನ್ನೋ ಮೈಕಿನ ಬೆನ್ನು ನೋಡುವ ಹಾಗೆ ನಿಲ್ಲಿಸಿ. ನಿಮ್ಮ ಬೆನ್ನ ಹಿಂದೆ ದಪ್ಪ ಕಂಬಳಿಯೋ ಗಾದಿಯೋ ನೇತು ಹಾಕಿ. ಬರೀ ಗೋಡೆ ಇದ್ದರೆ ಅಲ್ಲಿಗೆ ಬಡಿದ ಸದ್ದು ನೇರ ಮೈಕಿನ ಬಾಯಿಗೇ ಬರುತ್ತದೆ.

ಹಂಚಿನ ಮೇಲಿನ ಮಳೆಗೆ ಯಾವ ಇಂಟರ್‌ಫೇಸಿನಲ್ಲೂ ಬಟನ್ ಇಲ್ಲ. ಜೋರು ಮಳೆಯ ದಿನ ಮೆತ್ತಿನಿಂದ ಇಳಿದು ಕೆಳಗಿನ ಕೋಣೆಗೆ ಬನ್ನಿ.

ಕೊನೆಗೆ ಒಂದು ಪ್ರಶ್ನೆ. ಅಣ್ಣ ಕೊಟ್ಟ ಕೇಬಲ್ಲಿನ ಇನ್ನೊಂದು ತುದಿ ಹೇಗಿದೆ? ಮೂರು ಪಿನ್ನಿನ ಗಂಡು ಕನೆಕ್ಟರಾ, ಇಲ್ಲ ಆಂಪ್ಲಿಫೈಯರಿಗೆ ಚುಚ್ಚುವ ಒಂಟಿ ಪಿನ್ನಾ?

---

ಮೆತ್ತಿನ_ಮೇಲಿನ_ಹಾಡು

ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್ ಅಣ್ಣ. ಕೇಬಲ್ ನೋಡಿದೆ. ಮೈಕಿಗೆ ಹಾಕುವ ಕಡೆ ಮೂರು ತೂತು. ಇನ್ನೊಂದು ಕಡೆ ದಪ್ಪ ಒಂಟಿ ಪಿನ್, ತುದಿಯ ಹತ್ತಿರ ಒಂದೇ ಕಪ್ಪು ಗೆರೆ. ಇದು ಇಂಟರ್‌ಫೇಸಿಗೆ ಹೋಗುತ್ತದಲ್ಲ? ಫೋಟೋದಲ್ಲಿ ನೋಡಿದರೆ ನಡುವೆ ದೊಡ್ಡ ತೂತು ಇದೆ.

ಇನ್ನೊಂದು ತೊಂದರೆ. ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದಾಗ ಹಳೆಯ ಕಾರ್ಡಿನಲ್ಲಿ ಗುಂಯ್ ಅಂತ ಬರುತ್ತಿತ್ತು. ಕರೆಂಟ್ ಹೋಗಿ ಇನ್ವರ್ಟರ್ ಶುರುವಾದರೆ ಇನ್ನೂ ಜೋರು. ಹೊಸದಕ್ಕೂ ಹೀಗೇ ಆದರೆ?

---

ಸ್ಟೋರ್‌ರೂಮ್_ಸೌಂಡ್

ಇದಕ್ಕೇ ಕೇಳಿದ್ದು! ಅದು ಪಿ-38 ಪಿನ್. ತೂತಿಗೆ ಚೆನ್ನಾಗಿಯೇ ಕೂರುತ್ತದೆ, ಅದೇ ತೊಂದರೆ. ಇಂಟರ್‌ಫೇಸಿನ ಆ ತೂತಿನಲ್ಲಿ ಎರಡು ಕೆಲಸ ಇರುತ್ತದೆ. ಸುತ್ತಲಿನ ಮೂರು ರಂಧ್ರಕ್ಕೆ ಎಕ್ಸ್‌ಎಲ್‌ಆರ್, ಅಂದರೆ ಮೂರು ಪಿನ್ನಿನ ಕನೆಕ್ಟರ್, ಹಾಕಿದರೆ ಮೈಕಿನ ಸಿಗ್ನಲ್ ಏರಿಸುವ ಪ್ರಿಆಂಪಿಗೆ ಹೋಗುತ್ತದೆ. ನಡುವಿನ ದೊಡ್ಡ ತೂತಿಗೆ ಪಿ-38 ಹಾಕಿದರೆ ಲೈನ್ ಇನ್‌ಪುಟ್ಟಿಗೆ ಹೋಗುತ್ತದೆ. ಅದು ಕೀಬೋರ್ಡು, ಮಿಕ್ಸರಿನ ದೊಡ್ಡ ಸಿಗ್ನಲ್ಲಿಗೆ ಇರುವ ಜಾಗ. ಮೈಕಿನ ಸಣ್ಣ ಸಿಗ್ನಲ್ ಅಲ್ಲಿ ಹೋದರೆ ಗೇನ್ ಎಷ್ಟು ತಿರುಗಿಸಿದರೂ ದನಿ ಬಾವಿಯ ತಳದಿಂದ ಬಂದಂತೆ ಕೇಳುತ್ತದೆ. ಇಂಟರ್‌ಫೇಸೇ ಸರಿಯಿಲ್ಲ ಅಂತ ವಾಪಸ್ ಮಾಡುವವರಲ್ಲಿ ಎಷ್ಟೋ ಜನರ ಕತೆ ಇದೇ ಅಂತ ನನ್ನ ಗುಮಾನಿ.

ಇನ್ನೂ ಒಂದು ಇದೆ. ಆ ಒಂದು ಕಪ್ಪು ಗೆರೆಯ ಪಿನ್ ಅಂದರೆ ಅನ್‌ಬ್ಯಾಲೆನ್ಸ್ಡ್. ಸ್ಟೇಜಿನಲ್ಲಿ ಹೇಗೋ ನಡೆಯುತ್ತದೆ. ಉದ್ದ ಜಾಸ್ತಿ ಆದಷ್ಟೂ ದಾರಿಯಲ್ಲಿ ಸಿಕ್ಕ ಗುಂಯ್ ಎಲ್ಲ ಒಳಗೆ ಬರುತ್ತದೆ. ಎರಡೂ ಕಡೆ ಎಕ್ಸ್‌ಎಲ್‌ಆರ್ ಇರುವ 3 ಮೀಟರಿನ ಕೇಬಲ್ ತಗೊಳ್ಳಿ. ಸ್ವಲ್ಪ ಬೆಸುಗೆ ಬರುವವರು ಊರಲ್ಲಿದ್ದರೆ, ಹಳೆಯ ಕೇಬಲ್ಲಿನ ಒಳಗೆ ಎರಡು ತಂತಿ ಮತ್ತು ಜಾಲರಿ ಇದೆಯಾ ನೋಡಿಸಿ. ಇದ್ದರೆ ಪಿ-38 ಕತ್ತರಿಸಿ ಎಕ್ಸ್‌ಎಲ್‌ಆರ್ ಹಾಕಿಸಬಹುದು. ಒಂದೇ ತಂತಿ ಇದ್ದರೆ ಬಿಟ್ಟುಬಿಡಿ.

ಕಂಡೆನ್ಸರ್ ಮೈಕಿಗೆ ಕರೆಂಟ್ ಕೊಡುವ 48 ವೋಲ್ಟ್ ಬಟನ್ ಆಫ್ ಇರಲಿ, 58ಕ್ಕೆ ಅದು ಬೇಡ.

ಗುಂಯ್ ವಿಷಯ ಕರೆಂಟಿನವರು ಯಾರಾದರೂ ಹೇಳಿದರೆ ಒಳ್ಳೆಯದು.

---

ಪ್ಯೂಸ್‌ಕಟ್ಟೆ (ಕುಂದಾಪುರ)

ನಾನು ವೈರಿಂಗ್ ಕೆಲಸದವನು, ಹಾಡು ಬಾತ್‌ರೂಮಿಗೆ ಮಾತ್ರ ಸೀಮಿತ. ಆದರೆ ಈ ಗುಂಯ್ ನಂಗೆ ಗೊತ್ತು.

ಅಕ್ಕ, ಚಾರ್ಜಿಗೆ ಹಾಕಿದಾಗ ಲ್ಯಾಪ್‌ಟಾಪಿನ ಲೋಹದ ಜಾಗವನ್ನು ಬೆರಳಿನ ಹಿಂಭಾಗದಿಂದ ಮೆಲ್ಲಗೆ ಸವರಿದರೆ ಜುಂ ಅನ್ನುತ್ತದಾ? ಅನ್ನುತ್ತದೆ ಅಂತಾದರೆ ಚಾರ್ಜರಿಗೆ ಅರ್ಥ್ ಸಿಗುತ್ತಿಲ್ಲ. ಒಂದೋ ಚಾರ್ಜರೇ ಎರಡು ಪಿನ್ನಿನದು, ಇಲ್ಲ ಮೂರು ಪಿನ್ನಿನದನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸಿದ್ದೀರಿ, ಇಲ್ಲ ಗೋಡೆಯ ಸಾಕೆಟ್ಟಿನ ಮೇಲಿನ ದೊಡ್ಡ ತೂತಿಗೆ ತಂತಿಯೇ ಬಂದಿಲ್ಲ. ಹಳೆಯ ಮನೆಗಳಲ್ಲಿ, ಅದರಲ್ಲೂ ಆಮೇಲೆ ಮಾಡಿಸಿದ ಮಹಡಿ ವೈರಿಂಗಿನಲ್ಲಿ, ಮೂರನೆಯದು ಸುಮ್ನೆ ಚಂದಕ್ಕೆ ಇರುವುದನ್ನು ನಾನು ತುಂಬಾ ನೋಡಿದ್ದೇನೆ. ಎಲೆಕ್ಟ್ರಿಷಿಯನ್ ಕರೆದು ಅರ್ಥ್ ನೋಡಿಸಿ. ಹಾಡಿಗಾಗಿ ಅಲ್ಲ, ಮನೆಯಲ್ಲಿ ಮಗು ಇದೆ, ಅದಕ್ಕಾಗಿ.

ಅರ್ಥ್ ಪಿನ್ ಮುರಿದು ಹಾಕಿ, ಹಮ್ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಹಮ್ ಹೋಗಬಹುದು. ಜೀವವೂ ಹೋಗಬಹುದು.

ಇನ್ವರ್ಟರ್ ಸ್ಕ್ವೇರ್ ವೇವ್ ಇದ್ದರೆ ಫ್ಯಾನೇ ಗೊಂಯ್ ಅನ್ನುತ್ತದಲ್ಲ, ಅದೇ ಗಲೀಜು ಚಾರ್ಜರಿನೊಳಗೂ ಹೋಗುತ್ತದೆ. ಕರೆಂಟ್ ಇಲ್ಲದಾಗ ಚಾರ್ಜರ್ ತೆಗೆದು ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿ. ಮೈಸೂರಿನವರು ಹೇಳಿದ ಈವೋ, ಸೋಲೋ ಎಲ್ಲ ಯುಎಸ್‌ಬಿಯಿಂದಲೇ ಕರೆಂಟ್ ತಗೊಳ್ಳುತ್ತವೆ, ಬೇರೆ ಅಡಾಪ್ಟರ್ ಬೇಡ. ಆಗ ಗೋಡೆಗೂ ಮೈಕಿಗೂ ಸಂಬಂಧವೇ ಇರುವುದಿಲ್ಲ.

---

ಮಾತಿನಮನೆ

ಪಿ-38 ವಿಷಯ ನನಗೂ ಹೊಸದು. ಒಂದು ಸೇರಿಸುತ್ತೇನೆ, ನಾನು ದಿನಾ ಝೂಮ್‌ನಲ್ಲೇ ಇರುವವನು. ಪಾಠ ಮಾಡುವಾಗ ಆಡಿಯೋ ಸೆಟ್ಟಿಂಗ್‌ನಲ್ಲಿ "ಒರಿಜಿನಲ್ ಸೌಂಡ್ ಫಾರ್ ಮ್ಯೂಸಿಷಿಯನ್ಸ್" ಆನ್ ಮಾಡಿ. ಇಲ್ಲದಿದ್ದರೆ ಎಡೆಬಿಡದೆ ಬರುವ ತಂಬೂರಿ ನಾದವನ್ನು ಝೂಮ್ ಫ್ಯಾನಿನ ಸದ್ದು ಅಂತ ತಿಳಿದು ಒರೆಸಿ ಹಾಕುತ್ತದೆ. ಎಷ್ಟು ದುಬಾರಿ ಇಂಟರ್‌ಫೇಸ್ ಇದ್ದರೂ ಮಕ್ಕಳಿಗೆ ಶ್ರುತಿ ಕೇಳುವುದಿಲ್ಲ.

---

ಮೆತ್ತಿನ_ಮೇಲಿನ_ಹಾಡು

ಅಯ್ಯೋ, ತಂಬೂರಿ ಬಂದು ಬಂದು ನಿಲ್ಲುತ್ತದೆ ಅಂತ ಮಕ್ಕಳ ಅಮ್ಮಂದಿರು ಹೇಳುತ್ತಿದ್ದರು. ನೆಟ್ವರ್ಕ್ ಅಂದುಕೊಂಡಿದ್ದೆ!

ಈವೋ 4 ಬಂತು. ಎಕ್ಸ್‌ಎಲ್‌ಆರ್ ಕೇಬಲ್ಲೂ ಬಂತು. ಅರ್ಥ್ ನೋಡಿಸಿದೆವು, ಮೇಲಿನ ಸಾಕೆಟ್ಟಿಗೆ ತಂತಿ ನಿಜಕ್ಕೂ ಇರಲಿಲ್ಲ, ಎಳೆಸಿದ್ದಾಯಿತು. ಬುಸ್ ಇಲ್ಲ, ಗುಂಯ್ ಇಲ್ಲ.

ಈಗ ಮೂರು ಪ್ರಶ್ನೆ. ಸ್ಮಾರ್ಟ್‌ಗೇನ್ ಒತ್ತಿ ಪಲ್ಲವಿ ಹಾಡಿದೆ, ಸರಿ ಹೊಂದಿತು. ಆದರೆ ಚರಣದಲ್ಲಿ ಮೇಲೆ ಹೋದಾಗ ದನಿ ಒಡೆಯುತ್ತದೆ. ಎರಡನೆಯದು, ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ರೆಕಾರ್ಡ್ ಮಾಡುವಾಗ ಕಿವಿಯಲ್ಲಿ ನನ್ನ ದನಿ ಎರಡೆರಡು ಸಲ ಕೇಳುತ್ತದೆ. ಮೂರನೆಯದು, ಓಬಿಎಸ್ ಅನ್ನುವ ವಿಡಿಯೋ ಸಾಫ್ಟ್‌ವೇರಿನಲ್ಲಿ ವಿಡಿಯೋ ಮಾಡಿದರೆ ಹಾಡು ಎಡಗಿವಿಯಲ್ಲಿ ಮಾತ್ರ.

---

ಸ್ಟೋರ್‌ರೂಮ್_ಸೌಂಡ್

ಮೂರಕ್ಕೂ ಪೆಟ್ಟಿಗೆ ಕಾರಣ ಅಲ್ಲ, ನೆಮ್ಮದಿಯಾಗಿರಿ.

ಸ್ಮಾರ್ಟ್‌ಗೇನ್ ತಾನು ಕೇಳಿಸಿಕೊಂಡದ್ದಕ್ಕೆ ಮಾತ್ರ ಹೊಂದಿಸುತ್ತದೆ. ಪಲ್ಲವಿ ಮಂದ್ರದಲ್ಲಿ ಮೆಲ್ಲಗೆ ಹಾಡಿದರೆ ಅದು ಗೇನ್ ಏರಿಸಿ ಕೂರುತ್ತದೆ, ನೀವು ತಾರ ಷಡ್ಜ ಮುಟ್ಟಿದ ಕೂಡಲೇ ಸಿಡಿಯುತ್ತದೆ. ಬಟನ್ ಒತ್ತಿದ ಮೇಲೆ ಚರಣದ ಅತಿ ಎತ್ತರದ ಸಾಲನ್ನು, ಹಾಡಿನಲ್ಲಿ ಹೇಗೋ ಹಾಗೇ, ಪೂರ್ತಿ ಕಂಠ ಬಿಟ್ಟು ಹಾಡಿ. ಆಮೇಲೂ ಗುಂಡಿಯಿಂದ ಎರಡು ಮೂರು ಡಿಬಿ ಇಳಿಸಿ. ರೀಪರ್‌ನ ಮೀಟರು ಎತ್ತರದ ಸಾಲಿನಲ್ಲಿ ಮೈನಸ್ 10ರ ಹತ್ತಿರ ಬಂದರೆ ಸಾಕು, ಮೇಲೆ ಜಾಗ ಖಾಲಿ ಇರಲಿ. ಪಲ್ಲವಿ ಮೀಟರಿನಲ್ಲಿ ಕುಳ್ಳಗೆ ಕಾಣುತ್ತದೆ, ಗಾಬರಿ ಬೇಡ. ಆಮೇಲೆ ಏರಿಸಿಕೊಳ್ಳಬಹುದು.

ದನಿ ಎರಡಾಗುವುದು ಯಾಕೆಂದರೆ ಪೆಟ್ಟಿಗೆಯಿಂದ ನೇರವಾಗಿ ಒಂದು, ರೀಪರ್ ಸುತ್ತಿ ಬಂದದ್ದು ಇನ್ನೊಂದು. ಟ್ರ್ಯಾಕಿನ ಕೆಂಪು ಬಟನ್ ಹತ್ತಿರ ಸ್ಪೀಕರಿನ ಗುರುತು ಇದೆಯಲ್ಲ, ಅದು ರೆಕಾರ್ಡ್ ಮಾನಿಟರ್. ಆಫ್ ಮಾಡಿ. ರೆಕಾರ್ಡಿಂಗಿಗೆ ಏನೂ ಆಗುವುದಿಲ್ಲ.

ಎಡಗಿವಿ ವಿಷಯ: ನಿಮ್ಮ ಮೈಕು ಇರುವುದು ಒಂದನೇ ಇನ್‌ಪುಟ್ಟಿನಲ್ಲಿ. ಓಬಿಎಸ್ ಒಂದನ್ನು ಎಡ, ಎರಡನ್ನು ಬಲ ಅಂತ ತಗೊಳ್ಳುತ್ತದೆ, ಎರಡು ಖಾಲಿ. ಅಡ್ವಾನ್ಸ್ಡ್ ಆಡಿಯೋ ಪ್ರಾಪರ್ಟೀಸ್ ತೆರೆದು, ಮೈಕಿನ ಸಾಲಿನಲ್ಲಿ ಮೋನೋ ಅನ್ನುವ ಚೌಕಕ್ಕೆ ಟಿಕ್ ಹಾಕಿ. ರೀಪರ್‌ನಲ್ಲೂ ಟ್ರ್ಯಾಕಿನ ಇನ್‌ಪುಟ್ ಸ್ಟೀರಿಯೋ ಇದ್ದರೆ ಮೋನೋ, ಇನ್‌ಪುಟ್ 1 ಅಂತ ಮಾಡಿ. ಹಾರ್ಮೋನಿಯಂಗೆ ಎರಡನೇ ಮೈಕ್ ಹಾಕುವ ದಿನ ಅದಕ್ಕೆ ಬೇರೆಯದೇ ಟ್ರ್ಯಾಕ್ ತೆರೆದು ಇನ್‌ಪುಟ್ 2 ಕೊಡಿ, ಎರಡನ್ನೂ ಒಂದೇ ಟ್ರ್ಯಾಕಿಗೆ ಸುರಿಯಬೇಡಿ. ಓಬಿಎಸ್‌ನ ಆ ಟಿಕ್ ಹಾಗೇ ಇದ್ದರೆ ಎರಡೂ ಬೆರೆತು ನಡುವಿನಲ್ಲಿ ಬರುತ್ತದೆ, ಲೈವ್‌ಗೆ ಅದೇ ಸರಿ.